ಕೂದಲೆಳೆಯ ಸಾಕ್ಷಿ

"ಇದು ನನ್ ಕೂದ್ಲು ಕಣವ್ವ," ಎಂದರು ವಸಂತಮ್ಮ.

ಸಬ್‌ಇನ್ಸ್‌ಪೆಕ್ಟರ್ ಸುಷ್ಮಾ ಬಗ್ಗಿ ನೋಡಿದಳು. ಗಾಜಿನ ಪೆಟ್ಟಿಗೆಯೊಳಗೆ, ಎರಡು ಹಿತ್ತಾಳೆ ಕೊಕ್ಕೆಗಳ ನಡುವೆ, ಕೂದಲಿನ ಒಂದು ಸಣ್ಣ ಎಳೆ ಬಿಗಿದು ನಿಂತಿತ್ತು. ಹೆಚ್ಚೆಂದರೆ ಇಪ್ಪತ್ತು ಕೂದಲು. ಅದಕ್ಕೆ ತಗುಲಿಕೊಂಡು ಒಂದು ತೆಳ್ಳನೆಯ ಕಡ್ಡಿ, ಕಡ್ಡಿಯ ತುದಿಗೆ ಮಸಿಯ ಮುಳ್ಳು. ಮುಳ್ಳಿನ ಮುಂದೆ ಕಾಗದ ಸುತ್ತಿದ ಉರುಳೆ.

ಎರಡು ವಾರದ ಹಿಂದೆ, ಜುಲೈ ಇಪ್ಪತ್ತೇಳರ ಭಾನುವಾರ, ಇದೇ ನಾಟ್ಯದ ಹಜಾರದ ನಟ್ಟನಡುವೆ ಸತ್ತ, ಇದರ ನೆಲ ಕಾಯುತ್ತಿದ್ದ ಚಿಕ್ಕಣ್ಣನವರ ಹೆಂಡತಿ ಈಕೆ. ಮೇಣ ಹಚ್ಚಿದ ನೆಲದ ಮೇಲೆ ಮುದುಕ ಜಾರಿ ಬಿದ್ದ ಎಂದು ಬರೆದು ಫೈಲು ಮುಚ್ಚಲು ಠಾಣೆಯಲ್ಲಿ ಎಲ್ಲರೂ ಸಿದ್ಧರಿದ್ದರು, ಸುಷ್ಮಾ ಒಬ್ಬಳನ್ನು ಬಿಟ್ಟು.

"ನಿಮ್ಮ ಕೂದಲು ಇಲ್ಲಿಗೆ ಹೇಗೆ ಬಂತು?"

"ಅರವತ್ನಾಕನೇ ಇಸವಿ. ಮದ್ವೆಯಾಗಿ ಆರ್ ತಿಂಗ್ಳು. ಇದರೊಳಗಿದ್ದ ಹಳೇ ಕೂದ್ಲು ಕಿತ್ತೋಯ್ತಂತೆ. ಪರದೇಸದಿಂದ ತರ್ಸೋದು ಆಗಲ್ಲ ಅಂತ ಬಂಗ್ಲೆ ಯಜಮಾನ್ರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರಂತೆ. ನಮ್ಮೋರು ಮನೆಗೆ ಬಂದು, ವಸಂತೂ, ಒಂದು ತಿಂಗ್ಳು ತಲೆಗೆ ಎಣ್ಣೆ ಮುಟ್ಟಿಸ್ಬೇಡ ಅಂದ್ರು. ಯಾಕೆ ಏನು ಅಂತ ಬಾಯ್ಬಿಡ್ಲಿಲ್ಲ. ಸೊಸೆ ತಲೆ ಕೆದರ್‍ಕೊಂಡು ತಿರುಗ್ತಾಳೆ ಅಂತ ನಮ್ಮತ್ತೆ ತಿಂಗ್ಳೆಲ್ಲಾ ಬೈದ್ರು."

ವಸಂತಮ್ಮ ನಕ್ಕುಬಿಟ್ಟರು. ತಿಥಿ ಮುಗಿದು ಮೂರೇ ದಿನ ಆಗಿದ್ದು ನೆನಪಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ತೇವ ಆದ್ರೆ ಕೂದ್ಲು ಉದ್ದ ಆಯ್ತದೆ, ಒಣಗಿದ್ರೆ ಗಿಡ್ಡ. ಉದ್ದ ಆದ್ರೆ ಮುಳ್ಳು ಮೇಲಕ್ಕೆ, ಗಿಡ್ಡ ಆದ್ರೆ ಕೆಳಕ್ಕೆ. ಅಷ್ಟೇ. ಊದಿ ನೋಡವ್ವ."

ಸುಷ್ಮಾ ಗಾಜಿನ ಬಾಗಿಲು ತೆರೆದು ಮೆಲ್ಲನೆ ಉಸಿರು ಬಿಟ್ಟಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಮುಳ್ಳು ತಾನಾಗಿಯೇ ಮೇಲಕ್ಕೆದ್ದಿತು, ಕಾಗದದ ಮೇಲೆ ಒಂದು ಎಳ್ಳಿನಷ್ಟು ಗೆರೆ ಎಳೆದು ಮತ್ತೆ ನಿಧಾನವಾಗಿ ಕೆಳಗಿಳಿಯಿತು.

ಅವಳ ಕೈಯ ರೋಮ ನೆಟ್ಟಗಾಯಿತು. ಮೂವತ್ತಮೂರು ವರ್ಷದ ಹಿಂದೆ ಒಬ್ಬ ಮದುವಣಗಿತ್ತಿ ತಲೆಯಿಂದ ಕೊಟ್ಟದ್ದು ಇವತ್ತು ಸುಷ್ಮಾಳ ಒಂದು ಉಸಿರನ್ನು ಗುರುತು ಹಿಡಿದಿತ್ತು.

ಕುವೆಂಪುನಗರದಿಂದ ಲೂನಾ ಓಡಿಸಿಕೊಂಡು ಬನ್ನಿಮಂಟಪದ ಈ ಬಂಗಲೆಗೆ ಇದು ಅವಳ ಆರನೆಯ ಭೇಟಿ. ಪ್ರತಿ ಸಲವೂ ಹೊಸ್ತಿಲಲ್ಲಿ ಬೂಟು ಬಿಚ್ಚುವಾಗ ಅವಳಿಗೆ ಗುಡಿಗೆ ಬಂದಂತಾಗುತ್ತಿತ್ತು. ಐವತ್ತಡಿ ಉದ್ದ, ಮೂವತ್ತಡಿ ಅಗಲ, ಪೂರ್ತಿ ತೇಗದ ಹಲಗೆಯ ನೆಲ. ಸುತ್ತ ಬೀಟೆ ಮರದ ಕಪ್ಪು ಅಂಚು. ನಲವತ್ತೈದು ವರ್ಷದಿಂದ ನೂರಾರು ಹುಡುಗಿಯರು ಗೆಜ್ಜೆ ಕಟ್ಟಿ ಕುಣಿದಿದ್ದರೂ ಎರಡು ಹಲಗೆಗಳ ನಡುವೆ ಒಂದು ಉಗುರು ತೂರಿಸಲು ಜಾಗವಿರಲಿಲ್ಲ. ಬರಿಗಾಲಿಗೆ ಅದು ಕಲ್ಲಿನಂತೆ ತಣ್ಣಗಿರದೆ, ಯಾರದೋ ಅಂಗೈ ಮೇಲೆ ನಿಂತ ಹಾಗೆ ಬೆಚ್ಚಗಿತ್ತು.

ಅದನ್ನು ಹಾಗೆ ಇಟ್ಟಿದ್ದವರು ಚಿಕ್ಕಣ್ಣ. ಬೇಸಿಗೆಯಲ್ಲಿ ಗಾಳಿ ಒಣಗಿ ಹಲಗೆಗಳು ಕುಗ್ಗತೊಡಗಿದರೆ ಕಿಟಕಿಗಳಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದು. ಮಳೆಗಾಲದಲ್ಲಿ ಗಾಳಿ ಒದ್ದೆಯಾಗಿ ಹಲಗೆಗಳು ಊದಿ ಒಂದನ್ನೊಂದು ತಳ್ಳತೊಡಗಿದರೆ ಮೂಲೆಮೂಲೆಗೂ ಇದ್ದಿಲಿನ, ಸುಣ್ಣದ ಕಲ್ಲಿನ ತಟ್ಟೆ ಇಡುವುದು. ಗಾಳಿಯ ತೇವ ತೋರಿಸುವ ಮುಳ್ಳು ನೂರಕ್ಕೆ ನಲವತ್ತೈದರ ಕೆಳಗೆ ಇಳಿಯಬಾರದು, ಅರವತ್ತರ ಮೇಲೆ ಹತ್ತಬಾರದು. ಇಷ್ಟೇ ವ್ರತ. ಅದನ್ನು ಒಬ್ಬ ಮನುಷ್ಯ ಒಂದು ದಿನವೂ ತಪ್ಪಿಸದೆ ಇಡೀ ಆಯುಷ್ಯ ನಡೆಸಿದ್ದ.

"ನಿಮಗೆ ಈ ಗೆರೆ ಓದಲು ಯಾರು ಕಲಿಸಿದರು?"

"ಯಾರೂ ಕಲಿಸ್ಲಿಲ್ಲ. ಸೋಮ್ವಾರ ಸೋಮ್ವಾರ ಕೀ ಕೊಟ್ಟು ಹೊಸ ಕಾಗ್ದ ಸುತ್ತೋರು. ಹಳೇದನ್ನ ಕೆಸರೆ ಮನೆಗೆ ತಂದು ದೀಪದ ಹತ್ರ ಹಿಡ್ಕೊಂಡು ಕತೆ ಓದ್ದಂಗೆ ಓದೋರು. ಇಲ್ಲಿ ಮಕ್ಕಳು ಕುಣಿದ್ರು ಕಣೆ, ಬೆವರಿಗೆ ಗೆರೆ ಎದ್ದದೆ. ಇಲ್ಲಿ ನಾನು ಇದ್ದಿಲು ಇಟ್ಟೆ, ಮೆಟ್ಲು ಇಳಿದಂಗೆ ಇಳಿದದೆ. ನಾನು ಮುದ್ದೆ ತಿರುವ್ತಾ ಕೇಳೋಳು. ಎಷ್ಟು ವರ್ಷ ಕೇಳಿಲ್ಲ!"

ಸುಷ್ಮಾ ಉರುಳೆಯಿಂದ ಬಿಡಿಸಿ ಇಟ್ಟಿದ್ದ ಕಾಗದವನ್ನು ಮೇಜಿನ ಮೇಲೆ ಹರಡಿದಳು. ಅದು ಚಿಕ್ಕಣ್ಣ ಸತ್ತ ವಾರದ ಹಾಳೆ. ಅವಳು ಬಿಡಿಸಿ ಹೊಸ ಕಾಗದ ಸುತ್ತುವವರೆಗೆ ಯಾರೂ ಅದನ್ನು ಮುಟ್ಟಿರಲಿಲ್ಲ. ಕೀ ಕೊಡುವವರಿಲ್ಲದೆ ಉರುಳೆ ಮಂಗಳವಾರ ನಿಂತುಹೋಗಿತ್ತು.

"ಇದನ್ನು ಓದಿ, ಅಮ್ಮ."

ವಸಂತಮ್ಮ ಕನ್ನಡಕ ಹಾಕಿಕೊಂಡು ಬೆರಳನ್ನು ಸೋಮವಾರದಿಂದ ಹೊರಡಿಸಿದರು. ಮಂಗಳವಾರ, ಬುಧವಾರ. ಬೆರಳು ಎಲ್ಲೂ ತಡವರಿಸಲಿಲ್ಲ. ಭಾನುವಾರ ಮಧ್ಯಾಹ್ನಕ್ಕೆ ಬಂದಾಗ ನಿಂತಿತು.

"ಮೂರೂವರೆ. ಯಾರೋ ತೋಟದ ಬಾಗ್ಲು ತೆಗುದ್ರು. ಹೊರಗೆ ಮಳೆ. ನೋಡವ್ವ, ಗೆರೆ ಗೋಡೆ ಹತ್ತಿದಂಗೆ ಹತ್ತದೆ. ಐವತ್ತೆರಡರಿಂದ ಎಪ್ಪತ್ತಕ್ಕೆ! ನಾನು ಒಂದಿನಾನೂ ಇಂಗೆ ಕಂಡಿಲ್ಲ. ನಾಕೂಕಾಲಿಗೆ ಬಾಗ್ಲು ಮುಚ್ಚದ್ರು."

"ಚಿಕ್ಕಣ್ಣನವರೇ ತೆಗೆದಿರಬಹುದಲ್ಲ?"

"ಅವ್ರು?" ವಸಂತಮ್ಮ ತಲೆ ಎತ್ತಿದರು. "ಮಳೇಲಿ? ಆ ಬಾಗ್ಲು ಎರಡು ನಿಮಿಷ ತೆಗೆದಿದ್ರೆ ಅವ್ರ ಜೀವ ತಡೀತಿರ್‍ಲಿಲ್ಲ. ಮುಕ್ಕಾಲು ಗಂಟೆ ತೆಗೆದದೆ. ಅಂದ್ರೆ..."

ಅವರ ಬೆರಳು ಮುಂದಿನ ಇಳಿಜಾರಿನ ಮೇಲೆ ನಿಂತಿತ್ತು. ಗೆರೆ ಅಲ್ಲಿ ಒಂದೇ ಸಮನೆ, ಸುಸ್ತಾದವರ ಹಾಗೆ, ಬೆಳಗಿನ ಜಾವದವರೆಗೂ ಜಾರಿತ್ತು. ಮೆಟ್ಟಿಲುಗಳಿರಲಿಲ್ಲ. ಇದ್ದಿಲು ಇಟ್ಟ ಗುರುತಿರಲಿಲ್ಲ.

"ಅಂದ್ರೆ ಬಾಗ್ಲು ತೆಗೆಯೋ ಹೊತ್ತಿಗೇ ಅವ್ರು ಇರ್‍ಲಿಲ್ಲ. ಇಲ್ಲಿಂದಾಚೆಗೆ ಅವ್ರಿಲ್ಲ ಕಣವ್ವ. ಇದು ಕಾಯೋರಿಲ್ದೆ ಇರೋ ನೆಲ."

ಡಾಕ್ಟರು ಎರಡರಿಂದ ಐದರೊಳಗೆ ಎಂದು ಬರೆದಿದ್ದರು. ಶಾಲೆಯ ಮೆಟ್ಟಿಲು ಹತ್ತದ ಈ ಹೆಂಗಸು ತನ್ನದೇ ಕೂದಲು ಬರೆದ ಗೆರೆಯಲ್ಲಿ ಗಂಡನ ಸಾವಿನ ಹೊತ್ತನ್ನು ಬೆರಳಿಟ್ಟು ತೋರಿಸಿದ್ದರು. ಪೊಲೀಸ್ ತರಬೇತಿಯಲ್ಲಿ ಕಲಿತದ್ದೆಲ್ಲ ಆ ಬೆರಳಿನ ಮುಂದೆ ಸಣ್ಣದಾಗಿ ಕಂಡಿತು.

"ಬಸವರಾಜು," ಎಂದು ಬಾಗಿಲಲ್ಲಿದ್ದ ಕಾನ್‌ಸ್ಟೇಬಲನ್ನು ಕರೆದಳು. "ಅಮರೇಶ್ ಅವರನ್ನು ಬರಹೇಳಿ. ಅವರ ಅಕ್ಕನನ್ನೂ."

ಅಕ್ಕ ಪ್ರೇಮಲೀಲಾ ಮೊದಲು ಬಂದರು. ಇಪ್ಪತ್ತು ವರ್ಷದಿಂದ ಈ ಹಜಾರದಲ್ಲಿ ನಾಟ್ಯ ಕಲಿಸುವ ನೆಟ್ಟನೆಯ ಹೆಂಗಸು. ಚಿಕ್ಕಣ್ಣ ಹೋದ ದಿನದಿಂದ ಪಾಠ ನಿಲ್ಲಿಸಿದ್ದರು. ಆ ಭಾನುವಾರ ಶಿಷ್ಯೆಯರನ್ನು ಕರೆದುಕೊಂಡು ಮಂಡ್ಯದ ಒಂದು ಕಾರ್ಯಕ್ರಮಕ್ಕೆ ಹೋಗಿದ್ದರು. ಅದಕ್ಕೆ ಮುನ್ನೂರು ಜನ ಸಾಕ್ಷಿಯಿದ್ದರು.

ಹಿಂದೆಯೇ ಅಮರೇಶ್ ಬಂದ. ನಲವತ್ತರ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಇಬ್ಬರೂ ಸದಾಶಿವಯ್ಯನವರ ಮಕ್ಕಳು. ಎಂಬತ್ತರ ಹತ್ತಿರದ ಆ ಯಜಮಾನರೇ ಕಾಕನಕೋಟೆಯ ತೇಗ ತರಿಸಿ, ಮೂರು ವರ್ಷ ನೆರಳಲ್ಲಿ ಒಣಗಿಸಿ ಈ ನೆಲ ಹಾಕಿಸಿದವರು. ನೆಲ ಕುಣಿಯಲು ಯೋಗ್ಯವಾಗಿರುವ ತನಕ ಹಜಾರ ಮಗಳ ನಾಟ್ಯಶಾಲೆಗೆ, ನೆಲ ಕೆಟ್ಟ ದಿನ ಜಾಗ ಮಗನಿಗೆ ಎಂದು ಪತ್ರ ಬರೆದು ರಿಜಿಸ್ಟರ್ ಮಾಡಿಸಿದ್ದರು. ಮಗ ಇಲ್ಲಿ ಕಲ್ಯಾಣ ಮಂಟಪ ಕಟ್ಟುವ ನಕ್ಷೆ ಬರೆಸಿ ಇಟ್ಟಿದ್ದು ಸುಷ್ಮಾಗೆ ಗೊತ್ತಿತ್ತು.

"ಮತ್ತೆ ಏನು ಮೇಡಂ? ಹೇಳಬೇಕಾದ್ದೆಲ್ಲ ಹೇಳಿದೀನಲ್ಲ. ಆವತ್ತು ಬೆಳಗ್ಗೆಯಿಂದ ರಾತ್ರೀವರೆಗೂ ನಂಜನಗೂಡಲ್ಲಿದ್ದೆ. ಸೋಮವಾರ ಬೆಳಗ್ಗೆ ಬಾಗಿಲು ತೆಗೆದಾಗಲೇ ನೋಡಿದ್ದು."

"ತೋಟದ ಬಾಗಿಲ ಕೀ ಎಷ್ಟಿವೆ?"

"ಎರಡು. ಒಂದು ಚಿಕ್ಕಣ್ಣನ ಹತ್ತಿರ. ಒಂದು ನನ್ನ ಹತ್ತಿರ."

"ಈಗ ಅದನ್ನು ತೆಗೆಯಿರಿ."

"ಮಳೆ ಬರ್ತಿದೆ ಮೇಡಂ."

"ಬರಲಿ. ತೆಗೆಯಿರಿ."

ಅಮರೇಶ್ ಅಕ್ಕನ ಮುಖ ನೋಡಿದ. ಹೋಗಿ ಬಾಗಿಲು ತೆಗೆದ. ಮಣ್ಣಿನ ವಾಸನೆ ಹೊತ್ತ ಒದ್ದೆ ಗಾಳಿ ಹಜಾರದೊಳಗೆ ನುಗ್ಗಿತು. ಎಲ್ಲರ ಕಣ್ಣೂ ಗಾಜಿನ ಪೆಟ್ಟಿಗೆಯ ಮೇಲಿತ್ತು.

ಮುಳ್ಳು ಅಲುಗಿತು. ಎದ್ದಿತು. ಅವಸರವಿಲ್ಲದೆ, ಹಿಂಜರಿಕೆಯೂ ಇಲ್ಲದೆ, ನ್ಯಾಯಾಧೀಶರು ತೀರ್ಪು ಬರೆಯುವಾಗಿನ ಗಾಂಭೀರ್ಯದಲ್ಲಿ ಮೇಲೆ ಮೇಲೆ ಹೋಯಿತು. ಐವತ್ತೈದು. ಅರವತ್ತು. ಅರವತ್ತಮೂರು.

"ದೇವರೇ," ಎಂದು ಪ್ರೇಮಲೀಲಾ ಪಿಸುಗುಟ್ಟಿದರು. "ದಿನಾ ಇದರ ಪಕ್ಕದಲ್ಲೇ ಕುಣಿದೆ. ಒಂದು ದಿನವೂ ನಿಂತು ನೋಡಲಿಲ್ಲ."

"ಮುಚ್ಚಿ," ಎಂದಳು ಸುಷ್ಮಾ. ಬಾಗಿಲು ಮುಚ್ಚಿತು.

ಅವಳು ಮೇಜಿನ ಮೇಲೆ ಇನ್ನೂ ನಾಲ್ಕು ಹಾಳೆ ಹರಡಿದಳು. ವಸಂತಮ್ಮನವರ ಮನೆಯಲ್ಲಿ ರಾಗಿ ಡಬ್ಬದ ತಳದಲ್ಲಿ ಅವು ಸಿಕ್ಕಿದ್ದವು. ಕೊನೆಯ ಒಂದು ತಿಂಗಳು ಚಿಕ್ಕಣ್ಣ ಹಾಳೆಗಳನ್ನು ಹೆಂಡತಿಗೆ ಓದಿ ಹೇಳಿರಲಿಲ್ಲ. ಮಡಚಿ ಬಚ್ಚಿಟ್ಟಿದ್ದರು.

"ಭಾನುವಾರ ಮಧ್ಯಾಹ್ನ ಚಿಕ್ಕಣ್ಣನವರಿಗೆ ರಜೆ. ಕೆಸರೆಗೆ ಊಟಕ್ಕೆ ಹೋಗುತ್ತಿದ್ದರು. ನೋಡಿ, ಜೂನ್ ಇಪ್ಪತ್ತೊಂಬತ್ತು, ಗೆರೆ ಎದ್ದಿದೆ. ಜುಲೈ ಹದಿಮೂರು, ಎದ್ದಿದೆ. ಇಪ್ಪತ್ತು, ಎದ್ದಿದೆ. ಅದೇ ಹೊತ್ತಿಗೆ. ಒಂದು ಭಾನುವಾರ ಮಾತ್ರ ಮಲಗಿದೆ. ಜುಲೈ ಆರು. ಅವತ್ತು ನೀವು ಎಲ್ಲಿದ್ದಿರಿ?"

ಅಮರೇಶ್ ಹಾಳೆಗಳಿಂದ ಕಣ್ಣು ಸರಿಸಿದ.

"ನಾನು ಹೇಳ್ತೀನಿ," ಎಂದರು ಪ್ರೇಮಲೀಲಾ. ಅವರ ದನಿ ಬದಲಾಗಿತ್ತು. "ಹೆಂಡತಿ ಮಕ್ಕಳ ಜೊತೆ ಧರ್ಮಸ್ಥಳಕ್ಕೆ ಹೋಗಿದ್ದ. ನಾನು, ಅಪ್ಪಾಜಿ ಮನೆಯಲ್ಲೇ ಇದ್ವಿ."

"ಒಂದು ಹಳ್ಳಿ ಹೆಂಗಸಿನ ಕೂದಲನ್ನ ಕೋರ್ಟಿಗೆ ತಗೊಂಡು ಹೋಗ್ತೀರಾ ಮೇಡಂ?" ಅಮರೇಶನ ತುಟಿ ನಗಲು ನೋಡಿ ಸೋತಿತು.

"ಹೋಗ್ತೀನಿ. ನೀವು ಊರಲ್ಲಿದ್ದ ಪ್ರತಿ ಭಾನುವಾರ ಎದ್ದಿರುವ ಗೆರೆ, ನೀವು ನಂಜನಗೂಡಲ್ಲಿದ್ದೆ ಅಂತ ಹೇಳೋ ಭಾನುವಾರ ಎಪ್ಪತ್ತು ಮುಟ್ಟಿದೆ. ತೋಟದ ಬಾಗಿಲ ಹತ್ತಿರದ ಹಲಗೆಗಳು ಮೀನಿನ ಬೆನ್ನಿನ ಹಾಗೆ ಉಬ್ಬಿವೆ. ಬರಿಗಾಲಲ್ಲಿ ನಡೆದವರಿಗೆ ಗೊತ್ತಾಗುತ್ತೆ. ಹೇಳಿ, ಅವರ ತಲೆಗೆ ಯಾತರಿಂದ ಹೊಡೆದಿರಿ?"

"ಹೊಡೆದೆನಾ?" ಅಮರೇಶ್ ಎರಡು ಹೆಜ್ಜೆ ಹಿಂದೆ ಸರಿದ. "ನಾನು ಮುಟ್ಟಿಲ್ಲ! ಶಿವನಾಣೆ, ನಾನವನನ್ನ ಮುಟ್ಟಿಲ್ಲ!"

"ಬಾಗಿಲು?"

ಅವನು ತಲೆ ತಗ್ಗಿಸಿದ.

"ತೆಗೆದೆ. ಭಾನುವಾರ ಭಾನುವಾರ ತೆಗೀತಿದ್ದೆ. ಮಳೆ ಗಾಳಿ ಆಡ್ಲಿ, ನೆಲ ತಾನಾಗೇ ಏಳ್ಲಿ ಅಂತ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ಆವತ್ತು ಮೂರೂವರೆಗೆ ಬಾಗಿಲು ತಳ್ಳಿದೆ. ನಡುವಿನಲ್ಲಿ ಚಿಕ್ಕಣ್ಣ ಇದ್ದ."

"ಬಿದ್ದಿದ್ದರಾ?"

"ಇಲ್ಲ. ಮಂಡಿ ಊರಿ, ಬಗ್ಗಿ, ನೆಲಕ್ಕೆ ಕಿವಿ ಇಟ್ಟಿದ್ದ. ನನ್ನ ಕಡೆ ಬೆನ್ನು. ಚಿಕ್ಕಣ್ಣ ಅಂತ ಕೂಗಿದೆ. ತಿರುಗಲಿಲ್ಲ. ಸಿಕ್ಕಿಬಿದ್ದೆ ಅಂತ ಭಯ ಆಗಿ ಬಾಗಿಲು ಹಾಗೇ ಬಿಟ್ಟು ಓಡಿದೆ. ಹಿಂದಿನ ಗಲ್ಲಿಯಲ್ಲಿ ಕಾರಲ್ಲಿ ಕೂತಿದ್ದೆ. ನಾಲ್ಕೂಕಾಲಿಗೆ ಮತ್ತೆ ಬಂದು ನೋಡಿದರೆ ಹಾಗೇ ಇದ್ದ. ಅದೇ ಭಂಗಿ. ಬಾಗಿಲು ಎಳೆದು ಬೀಗ ಹಾಕ್ಕೊಂಡು ಹೋಗ್ಬಿಟ್ಟೆ."

ಸುಷ್ಮಾ ಫೈಲಿನಿಂದ ಸೋಮವಾರ ಬೆಳಗಿನ ಫೋಟೋ ತೆಗೆದು ನೋಡಿದಳು. ಫೋಟೋದಲ್ಲಿ ಚಿಕ್ಕಣ್ಣ ಅಂಗಾತ ಮಲಗಿದ್ದರು. ಕೈಗಳು ಎರಡೂ ಪಕ್ಕದಲ್ಲಿ ನೀಟಾಗಿದ್ದವು. ಗಾಯ ತಲೆಯ ಹಿಂಭಾಗದಲ್ಲಿತ್ತು.

ಮಂಡಿ ಊರಿದ್ದವರು ಅಂಗಾತ ಹೇಗಾದರು?

ಅವಳು ಅದನ್ನು ಕೇಳುವ ಮೊದಲೇ ವಸಂತಮ್ಮ ಎದ್ದಿದ್ದರು. "ಕಿವಿ ಇಟ್ಟಿದ್ರಾ? ಎಲ್ಲಿ?" ಎನ್ನುತ್ತ ಹಜಾರದ ನಡುವಿಗೆ ಹೋಗಿ, ಗಂಡ ಬಿದ್ದಿದ್ದ ಜಾಗದಲ್ಲೇ ಮಂಡಿ ಊರಿ, ಎರಡೂ ಅಂಗೈಗಳನ್ನು ಹಲಗೆಯ ಮೇಲೆ ಸರಿಸಿದರು. ಮಗುವಿನ ಮೈ ಕಾವು ನೋಡುವವರ ಹಾಗೆ.

"ಇಲ್ಲಿ ಬಾ ಅವ್ವ. ಕೈ ಇಡು."

ಸುಷ್ಮಾ ಕೈ ಇಟ್ಟಳು. ಕಣ್ಣಿಗೆ ಕನ್ನಡಿಯಂತೆ ಸಮವಾಗಿ ಕಂಡ ನೆಲ ಅಂಗೈಗೆ ಬೇರೆಯೇ ಇತ್ತು. ಪ್ರತಿ ಹಲಗೆಯ ಅಂಚೂ ಒಂದು ದಾರದಷ್ಟು ಮೇಲೆದ್ದು, ನಡು ತಗ್ಗಿತ್ತು.

"ಬಾಗ್ಲತ್ರ ನಡು ಉಬ್ಬದೆ. ಅದು ಮೇಲಿಂದ ಬಂದ ತೇವ. ಇಲ್ಲಿ ಅಂಚು ಎದ್ದದೆ. ಇದು ಕೆಳಗಿಂದ ಬಂದದ್ದು," ಎಂದರು ವಸಂತಮ್ಮ. "ಈ ನೆಲದಡೀಲಿ ನೀರು ಹರಿದದೆ ಕಣವ್ವ."

"ಕೆಳಗಾ?" ಅಮರೇಶನ ಬಾಯಿ ತೆರೆದೇ ಇತ್ತು. ಆ ಬೆರಗು ನಟನೆಯದಲ್ಲ ಎಂದು ಸುಷ್ಮಾಗೆ ಅನ್ನಿಸಿತು. "ಕೆಳಗೆ ನಾನೇನೂ ಮಾಡಿಲ್ಲ! ಕೆಳಗೆ ಜಾಗ ಇದೆ ಅನ್ನೋದೇ ನನಗೆ..."

"ಅವನು ಮಾಡಿಲ್ಲ. ಕೆಳಗೆ ನೀರು ಬಿಟ್ಟವನು ನಾನು."

ಎಲ್ಲರೂ ತಿರುಗಿದರು. ಮುಂಬಾಗಿಲಲ್ಲಿ ಊರುಗೋಲು ಹಿಡಿದು ಸದಾಶಿವಯ್ಯನವರು ನಿಂತಿದ್ದರು. ಹಣೆಯ ಮೇಲೆ ವಿಭೂತಿ, ಬರಿಗಾಲು. ಒಳಗೆ ಬರುವ ಮೊದಲು ಅಭ್ಯಾಸಬಲದಿಂದ ಊರುಗೋಲಿನ ತುದಿಯನ್ನು ಪಂಚೆಯಿಂದ ಒರೆಸಿ ಬಾಗಿಲ ಮೂಲೆಗೆ ಒರಗಿಸಿದರು. ಗೋಡೆ ಹಿಡಿದುಕೊಂಡು ಬಂದರು.

"ಅಪ್ಪಾಜಿ!" ಪ್ರೇಮಲೀಲಾ ಓಡಿಹೋಗಿ ತೋಳು ಹಿಡಿದರು.

"ಚಿಕ್ಕಣ್ಣ ಹೇಳಿ ಬಿಡಿಸಿದ, ತಾಯಿ," ಎಂದರು ಅವರು ಸುಷ್ಮಾ ಕಡೆ ನೋಡಿ. ವಸಂತಮ್ಮನ ಕಡೆ ನೋಡಲು ಅವರಿಗೆ ಆಗಲಿಲ್ಲ. "ಮೇಲೆ ಯಾರೋ ತೇವ ಬಿಡ್ತಾ ಇದ್ದಾರೆ ಬುದ್ಧೀ, ಹಲಗೆ ಮೇಲ್ಮೈ ಮಾತ್ರ ಊದಿದರೆ ಬೆನ್ನು ಮುರಿಯುತ್ತೆ, ಕೆಳಗೂ ಅಷ್ಟೇ ತೇವ ಕೊಟ್ಟರೆ ಮರ ಸಮವಾಗಿ ನಿಲ್ಲುತ್ತೆ ಅಂದ. ಯಾರು ಅಂತ ಕೇಳಿದೆ. ಹೇಳಲಿಲ್ಲ. ನನ್ನ ಮಗ ಅಂತ ಅವನಿಗೆ ಗೊತ್ತಿತ್ತು ಅಂತ ಈಗ ತಿಳೀತು."

ಸುಷ್ಮಾ ಚಿಕ್ಕಣ್ಣನವರ ಫೋಟೋವನ್ನು ಮತ್ತೆ ನೋಡಿದಳು. ತನ್ನ ನೆಲವನ್ನು ಹಾಳುಮಾಡುತ್ತಿರುವ ನೀರನ್ನೇ ಔಷಧಿಯಾಗಿ ಅಳೆದು ಕೊಡಲು ಹೊರಟಿದ್ದ ಮನುಷ್ಯ. ಯಜಮಾನನ ಮನಸ್ಸು ನೋಯಬಾರದೆಂದು ಕಳ್ಳನ ಹೆಸರನ್ನು ರಾಗಿ ಡಬ್ಬದಲ್ಲಿ ಬಚ್ಚಿಟ್ಟ ಮನುಷ್ಯ. ಅವನನ್ನು ಜಾರಿ ಬಿದ್ದ ಮುದುಕ ಎಂದು ಠಾಣೆಯವರು ಒಂದು ಸಾಲಿನಲ್ಲಿ ಮುಗಿಸಲು ಹೊರಟಿದ್ದರಲ್ಲ!

"ಆವತ್ತು ಏನಾಯ್ತು, ಯಜಮಾನ್ರೇ? ನಿಧಾನವಾಗಿ ಹೇಳಿ."

"ಮುಂದಿನ ಜಗುಲಿ ಕೆಳಗೆ ಗಾಳಿ ಕಿಂಡಿ ಇದೆ. ಮೂರು ಗಂಟೆಗೆ ಅದರೊಳಗೆ ಪೈಪು ಇಟ್ಟು ನಲ್ಲಿ ತಿರುಗಿಸಿದೆ. ಅವನು ಒಳಗೆ ಹೋದ. ನೀರು ನಡುವಿಗೆ ಬಂದ ಸದ್ದು ಕೇಳಿದ ತಕ್ಷಣ ನೆಲಕ್ಕೆ ಮೂರು ಸಲ ತಟ್ಟುತ್ತೀನಿ, ಆಗ ನಿಲ್ಲಿಸಿಬಿಡಿ, ಹೆಚ್ಚು ಹೊತ್ತು ಬೇಡ ಅಂದ. ಜಗುಲಿ ಕುರ್ಚಿಯಲ್ಲಿ ಕಾಯ್ತಾ ಕೂತೆ. ಕಾದೆ. ಕಾದೆ. ಅವನ ಲೆಕ್ಕ ಅವನಿಗೆ ಗೊತ್ತು ಅಂತ ಎದ್ದು ಹೋಗಿ ನೋಡಲಿಲ್ಲ. ಅದೇ ನನ್ನ ತಪ್ಪು."

"ತಟ್ಟಲೇ ಇಲ್ಲವಾ?"

"ತಟ್ಟಿದ. ಹೇಳಿದ ಹಾಗೇ ಮೂರು ಸಲ, ಸ್ಪಷ್ಟವಾಗಿ. ನಾನು ನಲ್ಲಿ ನಿಲ್ಲಿಸಿ ಒಳಗೆ ಹೋಗಿ ಮಾತ್ರೆ ತಗೊಂಡೆ."

"ಆಗ ಗಂಟೆ ಎಷ್ಟು?"

"ಮಾತ್ರೆ ಹೊತ್ತು ತಪ್ಪಲ್ಲ ತಾಯಿ. ಐದು."

ವಸಂತಮ್ಮ ನೆಲದ ಮೇಲಿಂದ ಮೆಲ್ಲಗೆ ತಲೆ ಎತ್ತಿ ಸುಷ್ಮಾಳನ್ನು ನೋಡಿದರು. ಇಬ್ಬರೂ ಒಂದೇ ಗೆರೆಯನ್ನು ನೆನೆಯುತ್ತಿದ್ದರು.

ಮೂರೂವರೆಗೆ ಚಿಕ್ಕಣ್ಣನವರ ಜೀವ ಹೋಗಿತ್ತು. ನಾಲ್ಕೂಕಾಲಿಗೆ ಅಮರೇಶ್ ತೋಟದ ಬಾಗಿಲಿಗೆ ಹೊರಗಿಂದ ಬೀಗ ಹಾಕಿದ್ದ, ಮುಂದಿನ ಜಗುಲಿಯಲ್ಲಿ ಯಜಮಾನರೇ ಕೂತಿದ್ದರು. ಐದು ಗಂಟೆಗೆ, ಮುಚ್ಚಿದ ಹಜಾರದೊಳಗೆ, ಮಂಡಿ ಊರಿದ್ದ ಒಂದು ಹೆಣವನ್ನು ಅಂಗಾತ ಮಲಗಿಸಿ, ಅದರ ಪಕ್ಕದಲ್ಲಿ ಕುಳಿತು, ಇಬ್ಬರು ಮುದುಕರ ನಡುವಿನ ಗುಟ್ಟಿನ ಸನ್ನೆಯನ್ನು ಯಾರೋ ಮೂರು ಸಲ ತಟ್ಟಿದ್ದರು.